ಫೋಟೋಗೆ ಹೊದಿಸಿದ ಹೆಂಚು

ಸರ್ಕಾರ ಕಟ್ಟಿಸಿಕೊಟ್ಟ ಮನೆಯ ಮುಂದೆ ಬಡವಿಯೊಬ್ಬಳು ನಕ್ಕು ನಿಂತ ಛಾಯಾಚಿತ್ರವನ್ನು ಪತ್ರಿಕೆಯಲ್ಲಿ ಕಂಡು, ತೃಪ್ತಿಯಿಂದ ಪುಟ ಮಗುಚಿದವರು ನೀವೇ ಅಲ್ಲವೇ? ಮೂಡಿಗೆರೆಯ ಆಚೆ, ಅಂಥದೇ ಚಿತ್ರ ತೆಗೆದುಕೊಂಡ ಅಧಿಕಾರಿಯ ಜೀಪು ತಿರುವಿನಲ್ಲಿ ಮರೆಯಾದ ಕೂಡಲೇ, ಗುತ್ತಿಗೆದಾರ ಲೋಕಪ್ಪನ ಆಳುಗಳು ದ್ಯಾವಮ್ಮನ ಹೊಸ ಮನೆಯ ಮಾಡು ಹತ್ತಿ ಹೆಂಚು ಕೀಳತೊಡಗಿದರು.

"ಅಯ್ಯೋ, ಎಂತ ಮಾಡ್ತಿದ್ದೀರಿ ಮಾರಾಯ್ರೇ? ನಾಳೆ ಬಾಣಂತಿ ಮಗಳು ಕೂಸು ಎತ್ಕೊಂಡು ಬರ್ತಾಳೆ!"

"ಇದು ಫೋಟೋಗೆ ಹೊದಿಸಿದ ಹೆಂಚು ದ್ಯಾವಮ್ಮ. ಇನ್ನು ಗಿರಿಜೆ ಮನೆಗೆ ಹೋಗ್ಬೇಕು, ಸಂಜೆ ಅಲ್ಲಿ ಫೋಟೋ. ನಿಂಗೆ ಮನೆ ಆಯ್ತಲ್ಲ, ಹಲ್ಲು ಬಿಟ್ಕೊಂಡು ನಿಂತಿದ್ದು ನೀನೇ ತಾನೆ?" ಎಂದು ಲೋಕಪ್ಪ ನಕ್ಕ.

ದ್ಯಾವಮ್ಮ ತಾನಿದ್ದ ಎಸ್ಟೇಟಿನ ಕೂಲಿ ಲೈನ್ ಮನೆಯ ಬೀಗದ ಕೈಯನ್ನು ಬೆಳಿಗ್ಗೆಯೇ ಅಲ್ಲಿನ ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಿದ್ದಳು. ಅಲ್ಲಿ ಬೇರೆ ಸಂಸಾರ ಸೇರಿಯಾಗಿತ್ತು. ದೇವರಮನೆ ಗುಡ್ಡದ ಕಡೆಯಿಂದ ಜೂನ್ ತಿಂಗಳ ಮೋಡ ಕಪ್ಪಗೆ ಇಳಿಯುತ್ತಿತ್ತು. ಅವಳು ಒಳಗೆ ಹೋಗಿ, ಕೀಳುತ್ತಿದ್ದ ಹೆಂಚಿನ ನೇರ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟಳು.

ತನ್ನ ಮನೆಗೆ ಹೆಂಚು ಹೊರಲು ಬುಟ್ಟಿ ಹಿಡಿದು ಬಂದ ಗಿರಿಜೆ ಬಾಗಿಲಲ್ಲಿ ನಿಂತು ನೋಡಿದಳು. ಬುಟ್ಟಿ ಕೆಳಗಿಟ್ಟು, ದ್ಯಾವಮ್ಮನಿಗೆ ಒತ್ತಿ ಕುಳಿತಳು. "ನಾಳೆ ನನ್ ಮಾಡನ್ನೂ ಹಿಂಗೇ ಕೀಳ್ತಾರಲ್ವಾ ಅಕ್ಕ?" ಎಂದಳು.

"ಇಬ್ರು ಹೆಂಗಸ್ರು ಕೂತ್ರೆ ಎಂತಾಗ್ತದೆ? ಕೀಳ್ರೋ!" ಎಂದು ಲೋಕಪ್ಪ ಅಬ್ಬರಿಸಿದ. ಹೆಂಚೊಂದು ಜಾರಿ ಅವರ ಕಾಲ ಬಳಿಯೇ ಬಿದ್ದು ಒಡೆಯಿತು. ಇಬ್ಬರೂ ಕಣ್ಣು ಮುಚ್ಚಿದರು, ಏಳಲಿಲ್ಲ. ಆ ನೆಲದಲ್ಲಿ ಇನ್ನೂ ಜಾಗವಿದೆ. ದಯವಿಟ್ಟು ಬನ್ನಿ, ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.