ಹೊಸ ಪಂಪಿನ ಮನೆತನ

ಪೂರ್ವಾಪರ ತಿಳಿಯದ ಬಿಡಿಭಾಗವನ್ನು ಯಾವ ಹಡಗೂ ಒಳಗೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿಯೇ ಕಾರವಾರದ ನೌಕಾನೆಲೆಯಲ್ಲಿ ದೇವಕಿ ಹರಿಕಂತ್ರಳಿಗೆ ಕೆಲಸ. ಈ ಕವಾಟ ಯಾವ ಹಡಗಿನಲ್ಲಿ ದುಡಿದಿತ್ತು, ಯಾವ ಬಿರುಗಾಳಿ ಕಂಡಿತ್ತು ಎಂದೆಲ್ಲ ಹೇಳಿ ಒಪ್ಪಿಸಬೇಕು. ಸುಳ್ಳು ಹೇಳಿದರೆ ಹಡಗಿಗೆ ಗೊತ್ತಾಗಿಬಿಡುತ್ತದೆ.

ಇವತ್ತು ಪೂರ್ಣಾ ಹಟ ಹಿಡಿದಿದ್ದಳು. ನಡುಗಡಲಿನ ಹಡಗುಗಳಿಗೆ ಎಣ್ಣೆ, ನೀರು, ಅಕ್ಕಿ ಒಯ್ದು ಕೊಡುವ ಮುದಿ ಸರಬರಾಜು ಹಡಗು ಅವಳು. ಅವಳ ಎಣ್ಣೆ ಪಂಪು ಒಡೆದಿತ್ತು. ಸಂಜೆಯೊಳಗೆ ಹೊಸದನ್ನು ಒಪ್ಪದಿದ್ದರೆ ಅವಳನ್ನು ಗುಜರಿಗೆ ಎಳೆದೊಯ್ಯುವವರಿದ್ದರು.

“ಇದು ಎಲ್ಲಿ ದುಡಿದದ್ದು?” ಪಂಪು ಕೋಣೆಯ ಬಾಗಿಲ ಮೇಲಿನ ಸ್ಪೀಕರಿನಲ್ಲಿ ಪೂರ್ಣಾ ಕೇಳಿದಳು.

“ಎಲ್ಲೂ ಇಲ್ಲ. ಕಾರ್ಖಾನೆಯಿಂದ ನಿನ್ನೆ ಬಂದದ್ದು,” ಎಂದಳು ದೇವಕಿ.

“ಹಿಂದುಮುಂದಿಲ್ಲದ್ದು ನಂಗೆ ಬೇಡ.”

ಎಂಜಿನಿಯರ್ ಬೆಳ್ಳಿಯಪ್ಪ ಪಿಸುಗುಟ್ಟಿದ. “ದೇವಕ್ಕಾ, ಏನಾದ್ರೂ ಕಟ್ಟಿ ಹೇಳಿ.”

“ಕೇಳಿಸ್ತದೆ ಬೆಳ್ಳಿಯಪ್ಪಾ. ನಾ ಕಿವುಡಿ ಅಲ್ಲ,” ಎಂದಳು ಪೂರ್ಣಾ.

ದೇವಕಿ ಪಂಪಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಅದರ ಮೈ ಸವರಿದಳು. “ಹೇಳೂಕೆ ಎಂತದೂ ಇಲ್ಲ ಪೂರ್ಣಕ್ಕ. ಇನ್ನೂ ಒಂದು ತೊಟ್ಟು ಎಣ್ಣೆ ಕಂಡದ್ದಲ್ಲ ಇದು. ದಾರಿಯುದ್ದಕ್ಕೂ ಖಾಲಿ ಹೊಟ್ಟೆಯಲ್ಲೇ ಬಂದದೆ.”

ಪೂರ್ಣಾಳ ದನಿ ಮೆತ್ತಗಾಯಿತು.

“ಖಾಲಿ ಹೊಟ್ಟೆಯಲ್ಲೇ ಬಂತಾ?”

“ಹೌದು.”

“ಮತ್ತೆ ಅದನ್ನ ಹೊರಗೆ ನಿಲ್ಲಿಸ್ಕೊಂಡು ಎಂಥ ಪಂಚಾಯ್ತಿ ನಿಮ್ದು? ಒಳಗೆ ತನ್ನಿ ಮೊದಲು!”

ಬೆಳ್ಳಿಯಪ್ಪ ಸ್ಪ್ಯಾನರಿಗೆ ಕೈ ಹಾಕುವಷ್ಟರಲ್ಲೇ ಕೆಳಗೆ ಪಂಪಿಗೆ ಎಣ್ಣೆ ಉಣಿಸುವ ಕೊಳವೆಯ ಬಾಯಿ ತೆರೆದು ಎಣ್ಣೆ ಚಿಮ್ಮತೊಡಗಿತು.

“ತಡಿ ಮಾರಾಯ್ತಿ,” ದೇವಕಿ ಸೆರಗು ಎತ್ತಿ ಕಟ್ಟುತ್ತ ಕೂಗಿದಳು, “ಬೋಲ್ಟ್ ಹಾಕೂಕಾದ್ರೂ ಬಿಡು!”