ಎಲ್ಕಿಗೊಂದು ಪೀಠ

ಇಬ್ಬರು ಗಂಡಸರು ಎಲ್ಕಿನ ತಲೆಯನ್ನು ಎತ್ತಿ ಗೋಡೆಗೆ ಒತ್ತಿಹಿಡಿದರು. ಕೊಂಬಿನ ತುದಿಗಳು ಗೋಡೆಗೆ ತಗುಲಿದವು. ಕತ್ತಿನ ಹಿಂದಿನ ಹಲಗೆ ಮಾತ್ರ ಒಂದು ಮೊಳ ಈಚೆಗೇ ಉಳಿಯಿತು. ಮೇಲೆತ್ತಿದರು, ಕೆಳಗಿಳಿಸಿದರು, ಓರೆ ಮಾಡಿದರು. ಏನು ಮಾಡಿದರೂ ಅದು ಗೋಡೆಗೆ ಕೂರಲೊಲ್ಲದು.

ತಪ್ಪು ಗೇಲನ್‌ನದು. ಅವನ ಹೆಂಡತಿ ಮಾರ್ಲೀಸ್ ಹಿಂದಿನ ಬೇಟೆಯ ಕಾಲದಲ್ಲಿ ಒಬ್ಬಳೇ ಬೆಟ್ಟ ಹತ್ತಿ ಹೊಡೆದ ಮೊದಲ ಎಲ್ಕ್ ಇದು, ಕುದುರೆಯಷ್ಟು ದೊಡ್ಡದಾದ, ಕಡವೆಯಂಥ ಜಿಂಕೆ. ಚರ್ಮದೊಳಗೆ ತುಂಬಿ ಸ್ಟಫ್ ಮಾಡಲು ತಲೆಯನ್ನು ಆ ಕೆಲಸದ ಅಂಗಡಿಯ ಹಾರ್ಲನ್‌ಗೆ ಕೊಟ್ಟು ಬಂದವನು ಗೇಲನ್; ಕೂಗುವ ಭಂಗಿಯಲ್ಲಿರಲಿ, ಮೂತಿ ಮೇಲೆತ್ತಿ ಬಾಯಿ ತೆರೆದಿರಲಿ ಎಂದು ಹೇಳಿ ಬಂದವನೂ ಅವನೇ. ಎಲ್ಕ್ ಮೂತಿ ಎತ್ತಿದರೆ ಕೊಂಬು ಹಿಂದಕ್ಕೆ ವಾಲಿ ಬೆನ್ನಿನ ಮೇಲೆ ಬರುತ್ತದೆ, ಅಂಥದ್ದನ್ನು ಗೋಡೆಗೆ ತೂಗುಹಾಕಲಾಗದು ಎಂಬುದು ಮಾಂಟಾನಾದ ಈ ಕಣಿವೆಯಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಗೋಡೆ ತುಂಬ ತಾನು ಹೊಡೆದ ಪ್ರಾಣಿಗಳನ್ನೇ ತೂಗುಹಾಕಿಕೊಂಡಿರುವ ಗೇಲನ್‌ಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಮರೆವೋ ಜಾಣಮರೆವೋ, ಅವನನ್ನೇ ಕೇಳಬೇಕು.

"ನಾನು ನೀವು ಪೀಠ ಮಾಡಿಸ್ತೀರೇನೋ ಅಂದ್ಕೊಂಡೆ," ಎಂದ ಹಾರ್ಲನ್, ಕೈ ಒರೆಸಿಕೊಳ್ಳುತ್ತ.

ಪೀಠ ಗೀಠ ಯಾಕೆ, ಸದ್ಯಕ್ಕೆ ಗ್ಯಾರೇಜಿನಲ್ಲಿರಲಿ ಎಂದ ಗೇಲನ್. ಗ್ಯಾರೇಜಿನ ಇಲಿಗಳು ಬೇಸಿಗೆಯೊಳಗೆ ಕಿವಿ ತಿಂದು ಮುಗಿಸುತ್ತವೆ ಎಂದಳು ಮಾರ್ಲೀಸ್. ನಿನ್ನವುಗಳಲ್ಲಿ ಒಂದೆರಡನ್ನು ಅತ್ತ ಸರಿಸಿದರೆ ಕೊಂಬಿಗೆ ಜಾಗ ಸಿಗುವ ಹಾಗೆ ಮೂಲೆಯಲ್ಲಿ ಏನಾದರೂ ಮಾಡಬಹುದು ಎಂದೂ ಕೇಳಿ ನೋಡಿದಳು. ಗೇಲನ್ ಒಂದೊಂದು ತಲೆಯ ಚರಿತ್ರೆ ಹೇಳಲು ಶುರುಮಾಡಿದ. ಇದು ಹಿಮಗಾಳಿಯಲ್ಲಿ ಹೊಡೆದದ್ದು, ಅದು ಅಪ್ಪನ ಬಂದೂಕಿನಲ್ಲಿ ಹೊಡೆದದ್ದು, ಅಗ್ಗಿಷ್ಟಿಕೆಯ ಮೇಲಿನ ಆ ದೊಡ್ಡ ಎಲ್ಕಂತೂ ಇಡೀ ತಾಲೂಕಿಗೇ ಗೊತ್ತು. ಮಾರ್ಲೀಸ್‌ಗೆ ರೇಗಿತು. ಇಷ್ಟು ವರ್ಷ ಅವಳು ಈ ಚರಿತ್ರೆಯ ಧೂಳು ಒರೆಸಿದ್ದಳು. ಅದರಲ್ಲಿ ತನ್ನದೊಂದು ಸಾಲು ಬೇಕು ಎಂದರೆ ಇವನಿಗೆ ಗ್ಯಾರೇಜು ನೆನಪಾಗುತ್ತದೆ.

"ಆಯ್ತಪ್ಪ, ಗೋಡೆ ನಿಂದೇ ಇರ್ಲಿ," ಎಂದಳು. "ನೆಲ ಇಬ್ಬರದೂ ತಾನೇ?"

ಮಾರನೆಯ ದಿನ ಅವಳು ತವರಿನ ಬಿದ್ದುಹೋದ ಕಣಜದಿಂದ ಹಳೆಯ ಹಲಗೆಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದಳು. ಮೊಳೆ ಕಿತ್ತು, ಉಜ್ಜಿ, ಸೊಂಟದೆತ್ತರದ ಪೆಟ್ಟಿಗೆ ಕಟ್ಟಿದಳು. ಅದರ ನಡುವೆ ತಲೆ ಹೊರಲು ದಪ್ಪನೆಯ ಕಂಬ. ಕತ್ತಿನ ಹಿಂದಿನ ಹಲಗೆಯ ಬೋಳು ಬೆನ್ನು ಕಾಣದಂತೆ ಪೈನ್ ಮರದ ತೊಗಟೆ ಹೊದಿಸಿದಳು. ಗೇಲನ್ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕೈಕಟ್ಟಿ ನಿಂತವನಿಗೆ ಮಾತು ಜಾಸ್ತಿ. ತಲೆಯ ಭಾರವೆಲ್ಲ ಮುಂದಕ್ಕಿದೆ, ಯಾರಾದರೂ ಸೀನಿದರೂ ಮೂತಿ ನೆಲಕ್ಕೆ ಬಡಿಯುತ್ತದೆ ಎಂದು ಭವಿಷ್ಯ ನುಡಿದ. ಮಾರ್ಲೀಸ್ ತಳವನ್ನು ಎಲ್ಕಿನ ಮೂತಿಯ ನೇರಕ್ಕೆ ಬರುವಷ್ಟು ಮುಂದೆ ಚಾಚಿದಳು, ಪೆಟ್ಟಿಗೆಯ ಹಿಂಭಾಗಕ್ಕೆ ಏನೋ ತುಂಬಿ ಮುಚ್ಚಳ ಬಿಗಿದಳು.

ಭಾನುವಾರ ಹಾರ್ಲನ್ ಬಂದಾಗ ಎಲ್ಕ್ ನಡುಮನೆಯ ಮಧ್ಯದಲ್ಲಿ ನಿಂತು ಮುಗಿಲಿಗೆ ಕೂಗುತ್ತಿತ್ತು. ಹಿಂದಕ್ಕೆ ಚಾಚಿದ ಕೊಂಬುಗಳಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಹಾರ್ಲನ್ ಟೋಪಿ ತೆಗೆದು ಅದರ ಸುತ್ತ ಬಂದ, ಮತ್ತೊಮ್ಮೆ ಬಂದ. ತಾನೇ ಮಾಡಿದ ತಲೆಯನ್ನು ಮೊದಲ ಸಲ ನೋಡುವಂತೆ ನೋಡಿದ. ಗೇಲನ್‌ಗೆ ತಡೆಯಲಾಗಲಿಲ್ಲ. ಭುಜ ಕೊಟ್ಟು ಪೀಠವನ್ನು ನೂಕಿದ. ಅದು ಮಿಸುಕಲಿಲ್ಲ. ಇನ್ನೊಮ್ಮೆ ಬಲವಾಗಿ ನೂಕಿದ. ಅವನ ಕಾಲೇ ಜಾರಿತು.

"ಏನ್ ತುಂಬಿದ್ದೀಯ ಇದರೊಳಗೆ?"

"ನಿನ್ನ ಡಂಬೆಲ್ಸ್. ನೀನು ತಂದಮೇಲೆ ಅವು ಕೆಲಸಕ್ಕೆ ಬಂದಿದ್ದು ಇವತ್ತೇ."

ಹಾರ್ಲನ್ ನಕ್ಕು ನಕ್ಕು ಸೋಫಾದ ಮೇಲೆ ಕುಸಿದ. ಹೊರಡುವಾಗ, ನನ್ನ ಅಂಗಡಿಗೂ ಇಂಥದ್ದೊಂದು ಬೇಕು, ನಿಧಾನಕ್ಕೆ ಮಾಡಿಕೊಡಮ್ಮ ಎಂದು ಹೇಳಿಹೋದ.

ಆಮೇಲೆ ಗೇಲನ್ ಎದ್ದು ಪೀಠದ ಸುತ್ತ ಒಂದು ಸುತ್ತು ಹಾಕಿ, ಅಗ್ಗಿಷ್ಟಿಕೆಯ ಮೇಲಿನ ತನ್ನ ದೊಡ್ಡ ಎಲ್ಕನ್ನು ತಲೆಯೆತ್ತಿ ನೋಡಿದ. ಗೋಡೆಗೆ ಅಂಟಿಕೊಂಡ ಅದು ಅವನಿಗೆ ಯಾಕೋ ಸಣ್ಣದಾಗಿ ಕಂಡಿತು. ಅದಕ್ಕೂ ಒಂದು ಪೀಠ ಮಾಡಿಕೊಡ್ತೀಯಾ ಎಂದು ಕೇಳಿದ. ಕೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಮಾರ್ಲೀಸ್‌ಗೆ ತಿಳಿಯಿತು. ಹಾಗಾಗಿ ಕಾಡಿಸಲಿಲ್ಲ.

"ಅದಕ್ಕೇನಂತೆ. ಇಳಿಸೋಣ ಬಾ."

ಇಬ್ಬರೂ ಸೇರಿ ಇಳಿಸಿದರು. ಹೊಗೆ ಹಿಡಿದ ಗೋಡೆಯ ಮೇಲೆ ದೊಡ್ಡದೊಂದು ಬೆಳ್ಳನೆಯ ಗುರುತು ಉಳಿಯಿತು. ಗೇಲನ್ ತನ್ನ ಎಲ್ಕನ್ನು ಸೋಫಾಗೆ ಒರಗಿಸಿ ತಿರುಗಿ ನೋಡಿದರೆ ಮಾರ್ಲೀಸ್ ಇನ್ನೂ ಏಣಿಯ ಮೇಲೆಯೇ ಇದ್ದಳು. ತುಕ್ಕು ಹಿಡಿದ ಅವನ ಕೊಕ್ಕೆಯನ್ನು ಕಿತ್ತು ಅವನ ಕೈಗೆ ಕೊಟ್ಟಳು. ಜೇಬಿನಿಂದ ಹೊಸದೊಂದನ್ನು ತೆಗೆದು ಅದೇ ಜಾಗದಲ್ಲಿ ತಿರುಪಿ ಬಿಗಿದು, ಜಗ್ಗಿ ನೋಡಿದಳು.

"ಅಲ್ಲೇನು ಹಾಕ್ತೀಯ?" ಎಂದು ಕೇಳಿದ ಗೇಲನ್.

ಮಾರ್ಲೀಸ್ ಕಿಟಕಿಯಾಚೆಯ ಬೆಟ್ಟದತ್ತ ಗದ್ದ ಎತ್ತಿ ತೋರಿಸಿದಳು.

"ಇನ್ನೂ ಮೇಯ್ತಾ ಇದೆ."