ಸುಮ್ಮನಾಗದ ಕಪ್ಪೆಗಳು

ನಮ್ಮ ಜೌಗುಕಾಡಿನ ಕಪ್ಪೆಗಳಿಗೆ ಮನುಷ್ಯರ ಹೆಜ್ಜೆಯ ಗುರುತು ಸಿಗುತ್ತದೆ. ಹೊಸಬರು ಬಂದರೆ ಎಲ್ಲವೂ ಸುಮ್ಮನಾಗುತ್ತವೆ. ಮೊದಲ ಸಲ ಬಂದವರನ್ನು ನೀರಿನ ದಂಡೆಯ ಕಲ್ಲಿನ ಮೇಲೆ ಕೂರಿಸುವುದು ಇಲ್ಲಿಯ ರೂಢಿ. ಕಪ್ಪೆಗಳು ಮತ್ತೆ ಕೂಗುವವರೆಗೆ ಯಾರೂ ಮಾತಾಡುವುದಿಲ್ಲ. ಆ ಮೌನಕ್ಕಾಗಿಯೇ ನಾನು ಓದು ಮುಗಿಸಿಯೂ ಇಲ್ಲಿ ಕಾವಲಿಗೆ ಉಳಿದೆ. ಗೇಟಿನ ಕೀಲಿ ಇರುವುದು ನನ್ನ ಬಳಿ ಮತ್ತು ನನಗೆ ಈ ಕಾಡನ್ನು ತೋರಿಸಿಕೊಟ್ಟ ದೇಜಪ್ಪಣ್ಣನ ಬಳಿ ಮಾತ್ರ.

ಇವತ್ತು ಬಡಾವಣೆ ಕಂಪನಿಯ ಎಂಜಿನಿಯರ್ ಬಂದಿದ್ದರು. ಜಾಗ ಬಿಟ್ಟುಕೊಡುವುದಿಲ್ಲವೆಂದು ಹೇಳಿ ಅವರನ್ನು ವಾಪಸು ಕಳಿಸಲು ನಾನೂ ದೇಜಪ್ಪಣ್ಣನೂ ಮೊದಲೇ ಮಾತಾಡಿಕೊಂಡಿದ್ದೆವು.

"ಇದೇ ಮೊದಲು ನೋಡ್ತಿರೋದು. ಚೆನ್ನಾಗಿದೆ," ಎಂದರು ಅವರು.

"ಹಾಗಾದ್ರೆ ಆ ಕಲ್ಲಿನ ಮೇಲೆ ಕೂತ್ಕೊಳ್ಳಿ ಸರ್."

ಅವರು ನೀರಿನ ಅಂಚಿನಲ್ಲೇ ನಡೆದುಹೋಗಿ ಕೂತರು. ಒಂದು ಕಪ್ಪೆಯೂ ಕೂಗು ನಿಲ್ಲಿಸಲಿಲ್ಲ.

ನಾನು ದೇಜಪ್ಪಣ್ಣನ ಕಡೆ ತಿರುಗಿದೆ. ಅವರು ಚಪ್ಪಲಿಯ ಕೆಸರನ್ನು ಕಡ್ಡಿಯಿಂದ ತೆಗೆಯುತ್ತಿದ್ದರು.

"ಎಷ್ಟು ಸಲ ಕರ್ಕೊಂಡು ಬಂದಿದ್ರಿ ಅಣ್ಣ?"

"ನೀನು ಊರಿಗೆ ಹೋದಾಗೆಲ್ಲ," ಎಂದರು, ತಲೆ ಎತ್ತದೆ. "ನಿನಗೆ ಹೇಳಿದ್ರೆ ಬೇಜಾರಾಗ್ತದೆ ಅಂತ..."

ಕಪ್ಪೆಗಳು ಕೂಗುತ್ತಲೇ ಇದ್ದವು. ಅವು ಈಗಲಾದರೂ ಸುಮ್ಮನಾಗಬಹುದೇನೋ ಎಂದು ನಾನು ಕಾಯುತ್ತಾ ನಿಂತೆ.